ಒದ್ದೆಯಾಗುವುದೇ ನನ್ನ ಕೆಲಸ

ನಾನು ಒಂದು ವೆಟ್‌ಸೂಟ್. ಕರಿ ಬಣ್ಣ, ಮೂರು ಮಿಲಿಮೀಟರ್ ದಪ್ಪ, ಬೆನ್ನಿನ ಮೇಲೆ ಉದ್ದಕ್ಕೆ ಒಂದು ಜಿಪ್ಪು. ಕುತ್ತಿಗೆಯಿಂದ ಕಣಕಾಲಿನವರೆಗೆ ಮನುಷ್ಯನ ಮೈಗೆ ಅಂಟಿಕೊಂಡು ನೀರಿಗಿಳಿಯುವ ರಬ್ಬರಿನ ಉಡುಪು. ಆತ್ಮಕಥೆ ಹೇಳಿಕೊಳ್ಳುವಷ್ಟು ಯೋಗ್ಯತೆ ನನಗಿದೆಯೇ ಎಂದು ಬಹಳ ಯೋಚಿಸಿದೆ. ಇದೆ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಹೆರಿಯಣ್ಣನ ಮನೆಯಲ್ಲಿ ನಡೆದದ್ದನ್ನು ನನ್ನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇಲ್ಲ. ಅವನ ಚರ್ಮಕ್ಕೂ ನನಗೂ ನಡುವೆ ಇದ್ದದ್ದು ತೆಳ್ಳಗಿನ ನೀರಿನ ಒಂದು ಪದರ ಮಾತ್ರ.

ನಾನು ಹುಟ್ಟಿದ್ದು ಕಾರ್ಖಾನೆಯೊಂದರಲ್ಲಿ, ಹಾಳೆಯ ರೂಪದಲ್ಲಿ. ಆ ರಬ್ಬರಿನ ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಲಕ್ಷಗಟ್ಟಲೆ ಇದ್ದವು. ಗುಳ್ಳೆಗಳೊಳಗೆ ಗಾಳಿ. ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುವುದು ಆ ಗಾಳಿಯೇ. ಹಾಗಾಗಿ ನನ್ನಲ್ಲಿ ಒಳ್ಳೆಯ ಗುಣವೇನಾದರೂ ಇದ್ದರೆ ಅದು ಬಹುಪಾಲು ಟೊಳ್ಳು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಳೆಯನ್ನು ಕತ್ತರಿಸಿ, ಹೊಲಿದು, ಎಳೆದು, ಜಗ್ಗಿ ಪರೀಕ್ಷೆ ಮಾಡಿದರು. ನಾನು ಪಾಸಾದೆ. ಪರೀಕ್ಷೆ ಮಾಡಿದ ಹೆಂಗಸಿಗೆ ಅಂದು ಬೇಗ ಮನೆಗೆ ಹೋಗುವುದಿತ್ತೇನೋ ಎಂಬ ಸಂಶಯ ಮಾತ್ರ ನನ್ನನ್ನು ಬಿಡಲಿಲ್ಲ.

ಮೊದಲು ನನ್ನನ್ನು ಕೊಂಡವನು ನೆಲ್ಸನ್. ಕಡಲ ತೀರದ ಊರೊಂದರಲ್ಲಿ ನೀರಿನೊಳಗೆ ಮುಳುಗುವ ವಿದ್ಯೆಯನ್ನು ಕಲಿಸುವ ಅಂಗಡಿ ಅವನದು. ಹಗಲಿಡೀ ಪ್ರವಾಸಿಗರು ನನ್ನೊಳಗೆ ತೂರಿಕೊಂಡು ಸಮುದ್ರಕ್ಕೆ ಹೋಗುತ್ತಿದ್ದರು. ಸಮುದ್ರದಲ್ಲಿ ಭಯವಾದಾಗ ಅವರು ನನ್ನೊಳಗೆ ಏನು ಮಾಡುತ್ತಿದ್ದರು ಎಂಬುದನ್ನು ಹೇಳುವುದು ಸಭ್ಯತೆಯಲ್ಲ. ಸಂಜೆ ನನ್ನನ್ನು ತೊಳೆದು ಮೊಳೆಗೆ ನೇತುಹಾಕಿದ ಮೇಲೆ, ಅದೇ ಕೋಣೆಯಲ್ಲಿ ನೆಲ್ಸನ್ ಹೊಸಬರಿಗೆ ಪಾಠ ಮಾಡುತ್ತಿದ್ದ. ನನ್ನ ವಿದ್ಯಾಭ್ಯಾಸವೆಂದರೆ ಅಷ್ಟೇ, ಮೊಳೆಗೆ ತೂಗಿಕೊಂಡು ಕೇಳಿದ ಸಂಜೆ ತರಗತಿ.

"ಡ್ರೈಸೂಟ್ ನೀರನ್ನು ಒಳಗೆ ಬಿಡುವುದಿಲ್ಲ. ಅದರೊಳಗೆ ಬೆಚ್ಚನೆಯ ಬಟ್ಟೆ ಹಾಕಿಕೊಂಡರೆ ಹಿಮದ ನೀರಿಗೂ ಇಳಿಯಬಹುದು. ವೆಟ್‌ಸೂಟ್ ಹಾಗಲ್ಲ, ಸ್ವಲ್ಪ ನೀರನ್ನು ಒಳಗೆ ಬಿಡುತ್ತದೆ. ಆ ನೀರನ್ನು ನಿಮ್ಮ ಮೈಯೇ ಬಿಸಿ ಮಾಡುತ್ತದೆ. ಬಿಸಿಯಾದದ್ದನ್ನು ಸೂಟು ಹಿಡಿದಿಡುತ್ತದೆ" ಎಂದು ನೆಲ್ಸನ್ ಹೇಳುತ್ತಿದ್ದ.

ಈ ಪಾಠ ನನಗೆ ಬಾಯಿಪಾಠವಾಯಿತು. ಆದರೂ ಮನಸ್ಸಿನಲ್ಲಿ ಒಂದು ಅಳುಕು ಉಳಿಯಿತು. ನೀರಿಗಾಗಿ ಮಾಡಿದ ಉಡುಪು ನೀರನ್ನು ಒಳಗೆ ಬಿಡುವುದು ಗುಣವೋ, ಗುಣವೆಂದು ಹೆಸರಿಟ್ಟ ದೋಷವೋ?

ನೆಲ್ಸನ್ ಅಂಗಡಿ ಮುಚ್ಚಿದ ಮೇಲೆ ನಾನು ಕುಂದಾಪುರದ ಹಿನ್ನೀರಿನ ದಡಕ್ಕೆ ಬಂದೆ. ಅಲ್ಲಿ ಪ್ರವಾಸಿಗರಿಗೆ ಕಯಾಕ್ ಬಾಡಿಗೆಗೆ ಕೊಡುತ್ತಿದ್ದರು. ಕಯಾಕ್ ಎಂದರೆ ಒಬ್ಬನೇ ಕುಳಿತು ಎರಡು ಬದಿಗೆ ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಎರಡು ವರ್ಷ ಕಳೆದ ಮೇಲೆ ಅವರು ಹಳೆಯ ಸಾಮಾನುಗಳನ್ನೆಲ್ಲ ತೆಗೆದುಹಾಕಿದರು. ಬಣ್ಣ ಮಾಸಿದ ಹಳದಿ ಕಯಾಕ್ ಒಂದನ್ನು ದಡದ ಹೆರಿಯಣ್ಣ ಕೇಳಿದ. ಅವರು ಅದನ್ನು ಕೊಟ್ಟು, ಮೇಲೆ ನನ್ನನ್ನೂ ಎಸೆದರು. ಬಾಳೆಹಣ್ಣು ಕೊಂಡರೆ ಸಿಪ್ಪೆ ಬರುವ ಹಾಗೆ ನಾನು ಅವನ ಮನೆಗೆ ಬಂದೆ.

ಹೆರಿಯಣ್ಣ ಮೊಗವೀರ ಮೂವತ್ತು ವರ್ಷ ಮೀನುಗಾರಿಕೆಯ ದೋಣಿ ನಡೆಸಿದ ತಾಂಡೇಲ. ನೀರಿನ ಬಣ್ಣ ನೋಡಿ ಮೀನಿನ ಜಾತಿ ಹೇಳುವವನು. ಆದರೆ ಎರಡು ವರ್ಷಗಳಲ್ಲಿ ಎರಡು ಸಲ ಅವನಿಗೆ ನ್ಯುಮೋನಿಯಾ ಬಂದಿತ್ತು. "ಎದೆಗೆ ಥಂಡಿ ತಾಗಬಾರದು. ಮೂರನೇ ಸಲ ಬಂದರೆ ಕಷ್ಟ" ಎಂದು ಡಾಕ್ಟರು ಹೇಳಿದ್ದರು. ಸಮುದ್ರ ಅಲ್ಲಿಗೆ ಮುಗಿಯಿತು. ಅವನು ಜಗಲಿಯಲ್ಲಿ ಕುಳಿತ. ಮಾತು ಕಡಿಮೆಯಾಯಿತು. ಊಟವೂ ಕಡಿಮೆಯಾಯಿತು. ಬೇರೆಯವರು ಹಿಡಿದ ಮೀನನ್ನು ತಟ್ಟೆಯಲ್ಲಿ ಆಚೆ ಈಚೆ ತಳ್ಳಿ ಏಳುತ್ತಿದ್ದ.

ಅವನ ಹೆಂಡತಿ ಗುಲಾಬಿ ಪೇಟೆಯಲ್ಲಿ ಮೀನು ಮಾರುವವಳು. ಅವನು ಹೀಗೆ ಒಣಗುವುದನ್ನೂ ಅವಳಿಂದ ನೋಡಲಾಗಲಿಲ್ಲ, ನೀರಿಗೆ ಕಳಿಸಲೂ ಧೈರ್ಯ ಬರಲಿಲ್ಲ. ಕಯಾಕ್ ಅಂಗಳಕ್ಕೆ ಬಂದ ದಿನ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹ್ವಾಯ್, ಇದ್ರಂಗೆ ಎಲ್ಲಿಗ್ ಹೋಪ್ದ್?"

"ಇಲ್ಲೇ ಹೊಳೀಗೆ. ಗಾಳ ಹಾಕಿ ಒಂದೆರಡ್ ಮೀನ್ ಹಿಡ್ಕಂಡ್ ಬತ್ತೆ. ಸಮುದ್ರಕ್ಕ್ ಹೋತಿಲ್ಲೆ."

"ಹೋಯ್ನಿ. ಬಂದ್ ಕೂಡ್ಲೆ ನಾ ಅಂಗಾಲ್ ಮುಟ್ಟಿ ಕಾಂತೆ. ಮೂರ್ ಸಲ ತಣ್ಣಗ್ ಇದ್ರೆ ಮುಗೀತ್. ನಿಮ್ ಪ್ಲಾಸ್ಟಿಕ್ ದೋಣಿ ಕತ್ತರ್ಸಿ ಬಾನಿ ಮಾಡಿ, ಅದ್ರ್ ಒಳ್ಗ್ ದನೀಗ್ ಅಕ್ಕಚ್ಚ್ ಹಾಕ್ತೆ."

ಅಕ್ಕಿ ತೊಳೆದ ನೀರು ಕುಡಿಯುವ ಹಸು ಕೊಟ್ಟಿಗೆಯಿಂದ ತಲೆಯೆತ್ತಿ ಕಯಾಕ್ ನೋಡಿತು. ಗುಲಾಬಿ ಪೇಟೆಯಲ್ಲಿ ಒಮ್ಮೆ ಹೇಳಿದ ದರವನ್ನು ಇಳಿಸಿದವಳಲ್ಲ ಎಂಬುದು ಹೆರಿಯಣ್ಣನಿಗೆ ಗೊತ್ತಿತ್ತು. ಅವನು ಒಪ್ಪಿದ.

ಅವನನ್ನು ಬೆಚ್ಚಗಿಡುವ ಹೊಣೆ ನನ್ನ ಮೇಲೆ ಬಿತ್ತು. ನನಗೆ ನಡುಕ ಶುರುವಾಯಿತು. ರಬ್ಬರಿಗೆ ನಡುಕ ಬರುತ್ತದೆಯೇ ಎಂದು ಕೇಳಬೇಡಿ.

ಮೊದಲನೆಯ ದಿನವೇ ಹೆರಿಯಣ್ಣ ನನ್ನನ್ನು ಹಿಂದುಮುಂದಾಗಿ ಹಾಕಿಕೊಂಡ. ಜಿಪ್ಪು ಎದೆಯ ಮೇಲೆ ಬಂತು, ಮೊಣಕಾಲಿನ ಜಾಗದಲ್ಲಿ ಮಡಿಕೆ ಬಂತು. ಅದನ್ನು ಸರಿಮಾಡಿಕೊಂಡು ನೀರಿಗಿಳಿದವನು ಮರುಕ್ಷಣವೇ ಹೊರಗೆ ಬಂದು ದಡದಲ್ಲಿ ನಿಂತು ನನ್ನನ್ನು ಹಿಂಡಿದ.

"ಇದೆಂಥ ಅಂಗಿ ಮಾರಾಯ್ರೆ! ಇಡೀ ಸೋರತ್ತ್!"

ದೋಣಿಯವರ ನ್ಯಾಯ ಒಂದೇ. ನೀರು ಒಳಗೆ ಬಂದರೆ ಅದು ಕೆಟ್ಟದ್ದು, ಅದನ್ನು ಮುಚ್ಚಬೇಕು. ಮೂವತ್ತು ವರ್ಷ ಸೋರುವ ಸಂದುಗಳಿಗೆ ಹತ್ತಿ ಗಿಡಿದು, ಮೇಲೆ ಗೇರೆಣ್ಣೆ ಬಳಿದು ಜೀವ ಉಳಿಸಿಕೊಂಡವನಿಗೆ ಬೇರೆ ನ್ಯಾಯ ಹೇಗೆ ತಿಳಿಯಬೇಕು? ಅವನು ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ನನ್ನ ಮಣಿಕಟ್ಟಿಗೂ ಕಣಕಾಲಿಗೂ ಬಿಗಿದ. ಆಮೇಲೆ ಕಯಾಕ್ ಮಗುಚಿ ನೋಡಿದರೆ ಅದರ ತಳದಲ್ಲೇ ಆರು ತೂತು! ಕುಳಿತಲ್ಲಿ ತುಂಬಿದ ನೀರು ತಾನಾಗಿ ಇಳಿದುಹೋಗಲೆಂದು ಮಾಡಿದವರೇ ಕೊರೆದ ತೂತುಗಳು ಅವು. ಹೆರಿಯಣ್ಣ ಹಣೆ ಹಣೆ ಚಚ್ಚಿಕೊಂಡ. "ತಳಕ್ಕೆ ತೂತ್ ಇಪ್ಪು ದೋಣಿ ಮಾಡ್ದವ್ನ್ ಯಾರ್ ಅಂತೆ!" ಎನ್ನುತ್ತ ಆರಕ್ಕೂ ಹತ್ತಿ ಗಿಡಿದು, ಗೇರೆಣ್ಣೆ ಬಳಿದು, ಎರಡು ದಿನ ಒಣಗಿಸಿದ.

ಡಿಸೆಂಬರಿನ ಒಂದು ಬೆಳಗ್ಗೆ ಹೊರಟೆವು. ಪೂರ್ವದ ಗಾಳಿ ಬೀಸುತ್ತಿತ್ತು. ಬದಿಯಿಂದ ಹಾರಿದ ನೀರು ಕಯಾಕ್‌ನೊಳಗೆ ಬಂತು, ಬಂದದ್ದು ಹೋಗಲಿಲ್ಲ. ಅವನ ಪಾದಗಳು ತಣ್ಣನೆಯ ತೊಟ್ಟಿಯಲ್ಲಿ ಎರಡು ಗಂಟೆ ನೆನೆದವು. ಬಿಗಿದ ಟ್ಯೂಬಿನಿಂದ ಬೆರಳುಗಳು ಜೋಮು ಹಿಡಿದವು. ನನ್ನ ತಪ್ಪನ್ನೂ ಮುಚ್ಚಿಡಬಾರದು. ನೀರಿನೊಳಗೆ ನಾನು ಚೆನ್ನಾಗಿಯೇ ಇರುತ್ತೇನೆ. ಆದರೆ ಒದ್ದೆಯಾಗಿ ಗಾಳಿಗೆ ಕುಳಿತರೆ ನನ್ನ ಹೊರಮೈ ಆರುತ್ತ ಆರುತ್ತ ತಣ್ಣಗಾಗುತ್ತದೆ. ಕಯಾಕ್‌ನಲ್ಲಿ ಗಾಳ ಹಾಕುವವನು ಹೆಚ್ಚು ಹೊತ್ತು ಕುಳಿತೇ ಇರುತ್ತಾನೆ. ಈ ವಿಷಯ ಸಂಜೆ ತರಗತಿಯಲ್ಲಿ ಬಂದಿರಲಿಲ್ಲ.

ಗುಲಾಬಿ ಜಗಲಿಯಲ್ಲಿ ಕಾದಿದ್ದಳು. ಕೈಯ ಹಿಂಬದಿಯಿಂದ ಅವನ ಅಂಗಾಲು ಮುಟ್ಟಿದಳು.

"ಒಂದಾಯ್ತ್" ಎಂದಳು.

ಅಷ್ಟರಲ್ಲಿ ಅವಳ ತಮ್ಮ ಭೋಜ ರಜೆಯ ಮೇಲೆ ಬಂದ. ಉತ್ತರದ ಶೀತ ಸಮುದ್ರಗಳಲ್ಲಿ ಓಡಾಡುವ ಹಡಗಿನಲ್ಲಿ ಅವನು ಅಡುಗೆಯವನು. ಹಡಗಿನ ಬಾಣಲೆಯಷ್ಟೇ ದೊಡ್ಡ ಬಾಯಿ. ಭಾವನ ಕಷ್ಟ ಕೇಳಿ ಅವನು ಪೆಟ್ಟಿಗೆಯಿಂದ ಕಿತ್ತಳೆ ಬಣ್ಣದ ಒಂದು ಉಡುಪನ್ನು ಹೊರತೆಗೆದ. ಸಹೋದ್ಯೋಗಿಯೊಬ್ಬನಿಂದ ಬಂದ ಡ್ರೈಸೂಟ್. ಅಂಗಳದಲ್ಲಿ ಅದು ಬಿಚ್ಚಿಕೊಂಡಾಗ ಕೋಳಿಗಳು ಓಡಿದವು. ನಾನು ಹಗ್ಗದ ಮೇಲೆ ಒಣಗುತ್ತಿದ್ದೆ. ಇಳಿದು ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು.

"ಕಾಣಿ ಭಾವ, ಇದ್ ಅಂಗಿ ಅಂದ್ರೆ! ಕುತ್ಗೀಗ್ ರಬ್ಬರ್, ಕೈಗ್ ರಬ್ಬರ್, ಕಾಲುಚೀಲ ಸಮೇತ ಒಂದೇ ಹೊಲ್ಗೆ. ಸಮುದ್ರಕ್ಕ್ ಬಿದ್ರೂ ಒಂದ್ ಹನಿ ತಾಗತ್ತಿಲ್ಲೆ. ಆ ಕರಿ ಸೋರೂ ಚೀಲನ ನೆಲ ಒರ್ಸೂಕ್ ಇಟ್ಕಣಿ."

ಹೆರಿಯಣ್ಣನ ಕಣ್ಣು ಅರಳಿತು. ಸೋರದ ಉಡುಪು! ಅವನ ನ್ಯಾಯಕ್ಕೆ ಸರಿಹೊಂದುವ ಉಡುಪು! ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನಾನೇ ಅವನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಪರೀಕ್ಷೆ ಇದ್ದದ್ದು ಅಂಗಾಲಿಗೆ. ಅದಕ್ಕೆ ಕಾಲುಚೀಲವಿತ್ತು. ನಾನು ಕಣಕಾಲಿಗೇ ಮುಗಿದುಹೋಗುತ್ತೇನೆ.

ಭೋಜ ಹೇಳಿದಂತೆ ಒಳಗೆ ಉಣ್ಣೆಯ ಅಂಗಿ, ಉಣ್ಣೆಯ ಚಡ್ಡಿ, ಮೇಲೆ ಡ್ರೈಸೂಟ್. ಕುತ್ತಿಗೆಯ ರಬ್ಬರಿನಿಂದ ತಲೆ ಹೊರಬರಲು ಅಕ್ಕ ತಮ್ಮ ಇಬ್ಬರೂ ಸೇರಿ ಎಳೆಯಬೇಕಾಯಿತು. ಗಾಳಿ ತುಂಬಿಕೊಂಡು ಹೆರಿಯಣ್ಣ ಮಜ್ಜಿಗೆಯಲ್ಲಿ ನೆನೆಸಿದ ವಡೆಯಂತೆ ಉಬ್ಬಿದ. ಕಯಾಕ್‌ನ ತೂತುಗಳಿಂದ ಹತ್ತಿಯನ್ನು ಅವನೇ ಕಿತ್ತುಹಾಕಿದ್ದ, ಅಷ್ಟು ಪಾಠ ಕಲಿತಿದ್ದ. ನನ್ನನ್ನು ಸುರುಳಿ ಸುತ್ತಿ, ಕೂರಲು ಮೆತ್ತಗಿರಲೆಂದು ಕೆಳಗೆ ಹಾಸಿಕೊಂಡ. ಹಾಗಾಗಿ ಆ ದಿನದ್ದನ್ನೂ ನಾನು ಕಂಡೆ, ಸ್ವಲ್ಪ ಕೆಳಗಿನಿಂದ.

ಹೊಳೆಯ ನಡುವಿಗೆ ಹುಟ್ಟು ಹಾಕುವಷ್ಟರಲ್ಲಿ ಅವನು ಎಲೆಯ ಕೊಟ್ಟೆಯೊಳಗಿನ ಕಡುಬಿನಂತೆ ಬೆಂದುಹೋದ. ಶೀತ ಸಮುದ್ರಕ್ಕೆ ಮಾಡಿದ ಉಡುಪು ನಮ್ಮ ಹಿನ್ನೀರಿಗೆ ಹೇಗೆ ಹೊಂದಬೇಕು? ಬೆವರು ಬೆನ್ನಿನಿಂದ ಇಳಿದು ಕಾಲುಚೀಲದಲ್ಲಿ ನಿಂತಿತು. ಹೊರಗಿನ ನೀರು ಒಳಗೆ ಬರದ ಉಡುಪಿನಿಂದ ಒಳಗಿನ ನೀರು ಹೊರಗೆ ಹೋಗುವುದೂ ಕಷ್ಟ. ಆಮೇಲೆ ಅವನು ಗಾಳ ಬಿಟ್ಟು ಅಲುಗಾಡದೆ ಕುಳಿತ. ಗಾಳಿ ಬೀಸಿತು. ಬೆವರು ತಣ್ಣಗಾಯಿತು.

ಇನ್ನೊಂದೂ ಆಯಿತು. ಹೆರಿಯಣ್ಣನಿಗೆ ಒಂದು ರೂಢಿಯಿತ್ತು. ಎರಡೂ ಕಾಲುಗಳನ್ನು ದೋಣಿಯ ಬದಿಗಳಿಂದ ನೀರಿಗೆ ಇಳಿಬಿಟ್ಟು ಕುಳಿತುಕೊಳ್ಳುವುದು. ಚಳಿಗಾಲದ ಬೆಳಗ್ಗೆ ಹೊಳೆಯ ನೀರು ತಣ್ಣಗಿರುತ್ತದೆ, ಸಮುದ್ರದ ನೀರು ಬೆಚ್ಚಗಿರುತ್ತದೆ. ಉಬ್ಬರ ಶುರುವಾಗಿ ಸಮುದ್ರದ ನೀರು ಒಳಗೆ ಬರುವಾಗ ಮೊದಲು ತಿಳಿಯುವುದು ಕಾಲಿನ ಮೀನಖಂಡಕ್ಕೆ. ಅದರ ಹಿಂದೆಯೇ ಕುರುಡಿ ಮೀನು ಬರುತ್ತದೆ. ಕಾಲಿನಿಂದ ನೀರಿನ ಸುದ್ದಿ ಓದುವುದನ್ನು ಅವನು ಅಪ್ಪನಿಂದ ಕಲಿತದ್ದು. ಆ ದಿನವೂ ಕಾಲು ಇಳಿಬಿಟ್ಟು ಕುಳಿತ, ಕಾದ. ಡ್ರೈಸೂಟಿನೊಳಕ್ಕೆ ಸುದ್ದಿ ಬರಲೇ ಇಲ್ಲ. ಅವನಿಗೆ ತಿಳಿದಾಗ ಉಬ್ಬರ ಬಂದು ಅರ್ಧ ಗಂಟೆಯಾಗಿತ್ತು, ಮೀನು ದಾಟಿಹೋಗಿತ್ತು.

ಮನೆಯಲ್ಲಿ ಗುಲಾಬಿ ಕಾಲುಚೀಲದಿಂದ ಅವನ ಪಾದ ಬಿಡಿಸಿದಳು. ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿತ್ತು.

"ನೀರ್ ತಾಗ್ದೆ ಒದ್ದೆ ಆದ್ದ್ ಹ್ಯಾಂಗ್ರೀ? ಎರಡಾಯ್ತ್."

"ಭಾವ ಹೆಚ್ಚ್ ಬೆಗರ್ತ್ರ್ ಅಕ್ಕಾ, ಅಂಗಿ ತಪ್ಪಲ್ಲ" ಎಂದ ಭೋಜ.

"ನೀ ಸುಮ್ನೆ ಕೂಕೊ. ನಿನ್ ಅಂಗಿ ಒಳ್ಗ್ ಗೆಣಸ್ ಬೇಯ್ಸುಕ್ ಆತ್."

ಉಳಿದದ್ದು ಒಂದೇ ಒಂದು ಸಲ. ಜನವರಿಯಲ್ಲಿ ಒಂದು ವಾರ ಹೆರಿಯಣ್ಣ ಹೊಳೆಗೆ ಹೋಗಲೇ ಇಲ್ಲ. ಹೋದರೆ ಮುಗಿದುಹೋದೀತು ಎಂಬ ಹೆದರಿಕೆ. ಹೋಗದಿದ್ದರೂ ಮುಗಿದಂತೆಯೇ. ಮತ್ತೆ ಜಗಲಿ, ಮತ್ತೆ ತಟ್ಟೆಯಲ್ಲಿ ಆಚೆ ಈಚೆ ತಳ್ಳಿದ ಅನ್ನ. ಎಂಟನೆಯ ಬೆಳಗ್ಗೆ ಅವನು ಎದ್ದು ಅಂಗಳದ ಹಗ್ಗದ ಮುಂದೆ ನಿಂತ. ಒಂದು ಕಡೆ ನಾನು, ಇನ್ನೊಂದು ಕಡೆ ಡ್ರೈಸೂಟ್. ಅವನು ಅದನ್ನು ಮುಟ್ಟಿದ, ನನ್ನನ್ನು ಮುಟ್ಟಿದ. ನನ್ನ ಮೊಣಕಾಲು ತೆಳ್ಳಗಾಗಿತ್ತು, ಬಗಲಿನ ಹೊಲಿಗೆ ಸಡಿಲವಾಗಿತ್ತು. ಅದನ್ನೇ ಆರಿಸಲಿ ಎಂದು ಬೇಡಿಕೊಂಡೆ. ಸೋತರೆ ನನ್ನ ಕೈಯಲ್ಲಿ ಸೋಲುವುದು ಬೇಡ.

"ಅದ್ರ್ ಒಳ್ಗ್ ಕೂತ್ರೆ ಹೊಳೆ ಹೊರ್ಗ್ ಇರತ್ತ್. ಹೊಳೆ ಹೊರ್ಗ್ ಇಟ್ಟ್ ಮೀನ್ ಹಿಡೂದ್ ಹ್ಯಾಂಗೆ?" ಎಂದ ಅವನು, ಯಾರಿಗೂ ಅಲ್ಲ. ನನ್ನನ್ನು ಹಗ್ಗದಿಂದ ಎಳೆದುಕೊಂಡ. ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಕಿತ್ತು ಎಸೆದ.

ಅವನು ಹೊರಡುವಾಗ ಗುಲಾಬಿ ಹಿಂದಿನಿಂದ ಓಡಿ ಬಂದಳು. ಮಳೆಗಾಲದಲ್ಲಿ ಮೀನು ಮಾರುವಾಗ ಹಾಕಿಕೊಳ್ಳುವ ಅವಳ ರೈನ್‌ಕೋಟು ಕೈಯಲ್ಲಿತ್ತು. ನೇರಳೆ ಬಣ್ಣ, ಮೇಲೆ ಬಿಳಿ ಹೂಗಳು.

"ಮೇಲಿಂದ ಇದ್ ಹಾಕಣಿ. ಗಾಳಿ ತಡಿತ್ತ್."

"ಈ ಹೂಗಿನ ಅಂಗಿಯಾ? ಜನ ಎಂತ ಹೇಳ್ತ್ರ್!"

"ಮದ್ಮಗ ಹೊಳೀಗ್ ಹೋತ ಅಂತ್ರ್" ಎಂದು ಭೋಜ ಜಗಲಿಯಿಂದ ಕೂಗಿದ.

ಅವನು ಗೆಲ್ಲಬೇಕು ಎಂದು ಅವಳಿಗೂ ಇತ್ತು, ಷರತ್ತು ಹಾಕಿದವಳೇ ಆದರೂ.

ಹೂವಿನ ಕೋಟು ಗಾಳಿಯನ್ನು ತಡೆಯಿತು. ಒಳಗೆ ನಾನು ಆರಲಿಲ್ಲ, ತಣ್ಣಗಾಗಲಿಲ್ಲ. ನನಗೆ ಗೊತ್ತಿಲ್ಲದ ಪಾಠವೊಂದು ಅವಳಿಗೆ ಗೊತ್ತಿತ್ತು. ಹೆರಿಯಣ್ಣ ಕಾಲುಗಳನ್ನು ಇಳಿಬಿಟ್ಟು ಕುಳಿತ. ಬಿಸಿಲು ಏರುವ ಹೊತ್ತಿಗೆ ನನ್ನ ಕಣಕಾಲಿನ ಅಂಚಿನಿಂದ ಸ್ವಲ್ಪ ನೀರು ಮೇಲೆ ಬಂತು. ಬೆಚ್ಚಗಿತ್ತು. "ಬಂತ್" ಎಂದ ಅವನು. ಸೇತುವೆಯ ಕಂಬದ ಬಳಿ ಗಾಳ ಬಿಟ್ಟ.

ಹತ್ತು ನಿಮಿಷದಲ್ಲಿ ದಾರ ಬಿಗಿಯಿತು. ಕುರುಡಿ, ದೊಡ್ಡದು. ಅದು ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಆಮೇಲೆ ಸೀದಾ ಕಯಾಕ್‌ನ ಅಡಿಗೆ ನುಗ್ಗಿತು. ಮೂವತ್ತು ವರ್ಷ ಅಗಲದ ದೋಣಿಯಲ್ಲಿ ನಿಂತವನು ಅಭ್ಯಾಸದಂತೆ ಬದಿಗೆ ಬಗ್ಗಿದ. ಕಯಾಕ್‌ಗೆ ಆ ಅಗಲ ಎಲ್ಲಿ? ಅದು ಮಗುಚಿತು. ಅವನೂ ನಾನೂ ಹೂವಿನ ಕೋಟೂ ಹೊಳೆಯೊಳಗೆ.

ಕಾಲಿಗೆ ಬೆಚ್ಚಗೆನಿಸಿದ್ದ ಅದೇ ನೀರು ಒಣಗಿದ್ದ ಬೆನ್ನಿಗೆ ಜಿಪ್ಪಿನಿಂದ ಸೂಜಿಯಂತೆ ನುಗ್ಗಿತು. ಅವನ ಎದೆ ಒಮ್ಮೆ ಬಿಗಿಯಿತು. ನನ್ನ ಜೀವನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಹಿಡಿದಿಡು, ಹಿಡಿದಿಡು, ಹೊರಗೆ ಬಿಡಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ನಿಮಿಷ. ಎರಡು. ಆ ತೆಳು ನೀರು ಮೆಲ್ಲಗೆ ಅವನ ಮೈಯ ಬಿಸಿಯನ್ನು ಕುಡಿಯಿತು. ಎದೆ ಸಡಿಲವಾಯಿತು, ಉಸಿರು ನೇರವಾಯಿತು. ನನ್ನ ಗುಳ್ಳೆಗಳ ಗಾಳಿ ಅವನನ್ನು ಮೇಲಕ್ಕೆ ತೇಲಿಸುತ್ತಿತ್ತು. ಅವನು ಕಯಾಕ್ ನೇರ ಮಾಡಿ, ಹೊಟ್ಟೆಯ ಮೇಲೆ ಜಾರಿ ಹತ್ತಿ, ಕೂತ. ಗಾಳದ ಕೋಲು ಹಗ್ಗಕ್ಕೆ ಕಟ್ಟಿದ್ದರಿಂದ ಉಳಿದಿತ್ತು. ಮೀನೂ ಉಳಿದಿತ್ತು. ಅವನು ಜೋರಾಗಿ ನಕ್ಕ. ಆ ನಗು ನನ್ನ ಎದೆಯ ಹೊಲಿಗೆಯನ್ನೆಲ್ಲ ಕುಲುಕಿತು.

ಮನೆ ಹತ್ತಿರವಾದಂತೆ ನಗು ಇಳಿಯಿತು. ಅವನ ಪಾದಗಳು ನನ್ನ ಹೊರಗಿದ್ದವು. ಅವು ಎಷ್ಟು ತಣ್ಣಗಿವೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಗುಲಾಬಿ ಮೀನನ್ನು ನೋಡಲಿಲ್ಲ. ಹೂವಿನ ಕೋಟಿನಿಂದ ಇಳಿಯುವ ನೀರನ್ನು ನೋಡಿದಳು. "ಬಿದ್ರಿಯಾ?" ಎಂದಷ್ಟೇ ಕೇಳಿದಳು. ಬಗ್ಗಿ ಅಂಗಾಲು ಮುಟ್ಟಿದಳು. ಕೈ ಅಲ್ಲೇ ನಿಂತಿತು. ಅವಳ ಬಾಯಿಂದ ಲೆಕ್ಕ ಹೊರಡಲಿಲ್ಲ.

ಹೇಳಿದವನು ಹೆರಿಯಣ್ಣನೇ. "ಮೂರಾಯ್ತ್." ಹುಟ್ಟನ್ನು ಅವಳ ಕೈಗೆ ಕೊಟ್ಟ. "ಮಾತ್ ಅಂದ್ರೆ ಮಾತ್. ಕತ್ತರ್ಸ್."

ಅವಳು ಹುಟ್ಟನ್ನು ಗೋಡೆಗೆ ಒರಗಿಸಿದಳು. "ಮೊದ್ಲ್ ಆ ಒದ್ದೆ ತೆಗಿನಿ" ಎಂದು ಕೋಟು ಬಿಚ್ಚಿದಳು, ನನ್ನ ಬೆನ್ನಿನ ಜಿಪ್ಪು ಎಳೆದಳು, ಸಿಪ್ಪೆ ಸುಲಿಯಲೆಂದು ಒಳಗೆ ಕೈ ಹಾಕಿದಳು.

ಮತ್ತೆ ಅವಳ ಕೈ ನಿಂತಿತು. ಇನ್ನೊಂದು ಕೈಯನ್ನೂ ಹಾಕಿದಳು. ಬೆನ್ನು ಮುಟ್ಟಿದಳು, ಎದೆ ಮುಟ್ಟಿದಳು, ಪಕ್ಕೆಲುಬು ಮುಟ್ಟಿದಳು. ಒಲೆಯಿಂದ ಈಗಷ್ಟೇ ಇಳಿಸಿದ ಗಂಜಿಯ ಪಾತ್ರೆಯ ಹಾಗಿತ್ತು ಅವನ ಮೈ.

"ಭೋಜ, ಬಾ ಇಲ್ಲ್. ಮುಟ್ಟಿ ಕಾಣ್."

ಭೋಜ ಮುಟ್ಟಿ ನೋಡಿದ. "ಅಕ್ಕಾ, ಬೆಚ್ಚಗಿತ್ತಲೇ!"

"ದಾಕ್ಟ್ರ್ ಎಂತ ಹೇಳದ್ದ್? ಎದೆ ಅಂದ್ರ್. ನಾ ಕಾಲ್ ಹಿಡ್ಕಂಡ್ ಕೂತೆ." ಅವಳು ಜಗಲಿಯ ಮೇಲೆ ಕುಸಿದು ಕುಳಿತಳು, ನಗಲು ಶುರುಮಾಡಿದಳು. "ಇಪ್ಪತ್ತೈದ್ ವರ್ಷ ಆಯ್ತ್ ಮೀನ್ ಮಾರೂಕ್ ಹೋಯಿ. ತಾಜಾ ಹೌದಾ ಅಂತ ಕಾಂಬ್ದ್ ಕಿವಿರ್ ಎತ್ತಿ. ಯಾರಾರ್ ಬಾಲ ಮುಟ್ಟಿ ಕಾಂತ್ರಾ? ನನ್ ಬುದ್ಧಿಗ್ ಎಂತ ಆಯಿತ್!"

"ಹಾಂಗಾರೆ ಷರತ್ತ್?" ಎಂದ ಹೆರಿಯಣ್ಣ ಮೆಲ್ಲಗೆ.

"ಷರತ್ತ್ ಹಾಂಗೇ ಇತ್ತ್. ಬಂದ್ ಕೂಡ್ಲೆ ಬೆನ್ನ್ ಮುಟ್ಟಿ ಕಾಂತೆ. ಹೊಸ ಲೆಕ್ಕ, ಸೊನ್ನೆಯಿಂದ. ಕಾಲಿಗ್ ಭೋಜನ ಉಣ್ಣೆ ಚೀಲ ಹಾಕಣಿ, ಬಿಸಿ ನೀರ್ ಕಾಯ್ಸಿದ್ದೆ."

"ನನ್ ಚೀಲವಾ!" ಎಂದು ಭೋಜ ಕೂಗಿದ. ಯಾರೂ ಕಿವಿಗೊಡಲಿಲ್ಲ. ಆ ಮಧ್ಯಾಹ್ನ ಹೆರಿಯಣ್ಣ ಎರಡು ಸಲ ಅನ್ನ ಹಾಕಿಸಿಕೊಂಡ. ಹಸುವಿಗೆ ಹಳೆಯ ಬಾನಿಯೇ ಗತಿಯಾಯಿತು.

ಆಮೇಲೆ ಆರು ಚಳಿಗಾಲ ನಾವು ಹೊಳೆಗೆ ಹೋದೆವು. ಲೆಕ್ಕ ಒಂದನ್ನು ದಾಟಲಿಲ್ಲ, ಆ ಒಂದು ಕೂಡ ಬಗಲಿನ ಹೊಲಿಗೆ ಬಿಟ್ಟುಹೋದ ನನ್ನ ತಪ್ಪಿನಿಂದ. ಡ್ರೈಸೂಟ್ ಭೋಜನ ಜೊತೆ ತನ್ನ ಶೀತ ಸಮುದ್ರಕ್ಕೆ ಮರಳಿತು. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದಂತೆ. ನನಗೆ ಅದರ ಮೇಲೆ ಯಾವ ಕೋಪವೂ ಇಲ್ಲ. ತನ್ನ ನೀರು ಸಿಗುವವರೆಗೆ ಎಲ್ಲರೂ ಸ್ವಲ್ಪ ನಗೆಪಾಟಲೇ.

ಕೊನೆಗೆ ನನ್ನ ಗುಳ್ಳೆಗಳು ಚಪ್ಪಟೆಯಾದವು, ಮೊಣಕಾಲುಗಳು ಹರಿದವು. ಹೆರಿಯಣ್ಣನಿಗೆ ಹೊಸದೊಂದು ಬಂತು, ನನ್ನದೇ ಜಾತಿಯದು. ಅದನ್ನು ಹಾಕಿಕೊಳ್ಳುವಾಗ ಅವನು ಜಿಪ್ಪನ್ನು ಸರಿಯಾಗಿ ಬೆನ್ನಿಗೇ ಇಟ್ಟುಕೊಂಡ. ಗುಲಾಬಿ ನನ್ನನ್ನು ಕತ್ತರಿಯಿಂದ ಕತ್ತರಿಸಿ, ಎದೆಯ ಭಾಗವನ್ನು ತನ್ನ ಐಸಿನ ಡಬ್ಬಕ್ಕೆ ಸುತ್ತಿ ಹೊಲಿದಳು. ಈಗ ಪೇಟೆಯ ಮೀನು ಕಟ್ಟೆಯ ಮೇಲೆ ನನ್ನ ವಾಸ. ಮೊದಲು ಬಿಸಿಯನ್ನು ಹಿಡಿದಿಡುತ್ತಿದ್ದೆ, ಈಗ ತಂಪನ್ನು. ಎರಡೂ ಒಂದೇ ಕೆಲಸವೋ, ತದ್ವಿರುದ್ಧ ಕೆಲಸವೋ ಎಂದು ಆಗಾಗ ಯೋಚಿಸುತ್ತೇನೆ. ಸಂಜೆ ತರಗತಿಯಷ್ಟು ಓದಿದವನಿಗೆ ಅದು ಬಗೆಹರಿಯುವುದಿಲ್ಲ.

"ಕುರುಡಿ ಯಾವತ್ತಿದ್ದ್?" ಎಂದು ಗಿರಾಕಿಗಳು ಕೇಳುತ್ತಾರೆ.

"ಇವತ್ತ್ ಬೆಳಿಗ್ಗಿದ್ದ್. ನಮ್ಮನೆಯವ್ರ್ ಹಿಡ್ದದ್ದ್" ಎನ್ನುತ್ತಾಳೆ ಗುಲಾಬಿ, ಕಿವಿರು ಎತ್ತಿ ತೋರಿಸುತ್ತ.

ಮಧ್ಯಾಹ್ನದ ಹೊತ್ತಿಗೆ ನನ್ನೊಳಗಿನ ಐಸು ಸ್ವಲ್ಪ ಕರಗುತ್ತದೆ, ಒಂದೆರಡು ಹನಿ ಹೊರಗೆ ಸೋರುತ್ತದೆ. ನನಗೆ ಮುಜುಗರವಾಗುತ್ತದೆ. ಆದರೆ ಅಷ್ಟರಲ್ಲಿ ಮೀನೆಲ್ಲ ಖಾಲಿಯಾಗಿರುತ್ತದೆ.